ಕಿರೀಟ ಕಳೆದ ಸಿನಿಮಾ

ಕೋಲೆಟ್ ಪೆಲ್ಟಿಯೆ ಮಾಡಿದ್ದು ಮೋಸ. ಅದರಲ್ಲಿ ಎರಡು ಮಾತಿಲ್ಲ. ಹೈಸ್ಕೂಲಿನ ಮೊದಲ ವರ್ಷದಿಂದ ಮರೀಸಾ ರಪೋಜುವಿನ ಮನೆಯ ಅಡುಗೆಮನೆಯಲ್ಲಿ ಕಾಲು ಚಾಚಿ ಕೂತು, ಮರೀಸಾಳ ಅಮ್ಮ ದುಲ್ಸೆ ಮಾಡಿದ ಸೊಪ್ಪಿನ ಸೂಪನ್ನು ಎರಡೆರಡು ಬಟ್ಟಲು ಬಾರಿಸಿ, "ಆಂಟಿ, ನಿಮ್ಮ ಕೈರುಚಿ ನಮ್ಮಮ್ಮಂಗೆ ಈ ಜನ್ಮದಲ್ಲಿ ಬರಲ್ಲ" ಎಂದು ಬೆಣ್ಣೆ ಹಚ್ಚಿ ಹೋಗುತ್ತಿದ್ದ ಹುಡುಗಿ ಅವಳು. ಅಂಥವಳು ಹೀಗೆ ಮಾಡಿಯಾಳು ಎಂದು ಮರೀಸಾ ಕನಸಿನಲ್ಲೂ ಎಣಿಸಿರಲಿಲ್ಲ. ಆದರೆ ಆಮೇಲೆ ನಡೆದದ್ದನ್ನೆಲ್ಲ ಕೋಲೆಟ್‌ಳ ತಲೆಗೆ ಕಟ್ಟಲಾಗುವುದಿಲ್ಲ. ಅದನ್ನು ಹೇಳಬೇಕಾದರೆ ಸ್ವಲ್ಪ ಹಿಂದಿನಿಂದ ಬರಬೇಕು.

ಅಮೆರಿಕದ ಫಾಲ್ ರಿವರ್ ಊರಿನಲ್ಲಿ ಪೋರ್ಚುಗಲ್ಲಿನ ಅಸೋರಸ್ ದ್ವೀಪಗಳಿಂದ ಬಂದವರ ಮಕ್ಕಳು ನರ್ಸಿಂಗ್ ಓದುತ್ತಾರೆ, ಲೆಕ್ಕಪತ್ರ ಓದುತ್ತಾರೆ, ಏನೂ ಒಲಿಯದಿದ್ದರೆ ಚಿಕ್ಕಪ್ಪನ ಬೇಕರಿಗೆ ಸೇರಿಕೊಳ್ಳುತ್ತಾರೆ. ಮರೀಸಾ ಸಿನಿಮಾ ಓದುತ್ತೇನೆ ಎಂದಾಗ ದುಲ್ಸೆ ಹಿಟ್ಟು ನಾದುತ್ತಿದ್ದ ಕೈಯನ್ನು ಹಾಗೇ ಮೇಲೆತ್ತಿ ನಿಂತಳು. "ಸಿನಿಮಾ ಓದೋದಂತೆ! ನೋಡೋಕೇ ನಂಗೆ ಪುರಸೊತ್ತಿಲ್ಲ, ಇವಳು ಓದ್ತಾಳಂತೆ." ಅಪ್ಪ ಅದೆಲೀನು ಹಾಸಿಗೆ ಕಾರ್ಖಾನೆಯಲ್ಲಿ ದಿನವಿಡೀ ಹೊಲಿಗೆ ಯಂತ್ರಗಳ ಗದ್ದಲದಲ್ಲಿ ಇರುವ ಮನುಷ್ಯ, ಮನೆಯಲ್ಲಿ ಮಾತು ಕಡಿಮೆ. ಮಾರನೆಯ ವಾರ ಮಗಳನ್ನು ತಾನೇ ಕಾರಿನಲ್ಲಿ ಕೂರಿಸಿಕೊಂಡು ಹೋಗಿ ಕಾಲೇಜಿಗೆ ಸೇರಿಸಿ ಬಂದ.

ಕೊನೆಯ ವರ್ಷ ಎಲ್ಲರೂ ಒಂದೊಂದು ಕಿರುಚಿತ್ರ ಮಾಡಬೇಕಿತ್ತು. ಮಿಕ್ಕವರು ಹೆಣ, ರಕ್ತ, ಮುಖವಾಡ ಎಂದು ಓಡಾಡುತ್ತಿದ್ದರೆ ಮರೀಸಾ ಬರೆದದ್ದು ತನ್ನ ಬೀದಿಯದೇ ಒಂದು ಪತ್ತೇದಾರಿ ಕಥೆ. ಅವರಲ್ಲಿ ಈಸ್ಟರ್ ಕಳೆದ ಮೇಲೆ ಏಳು ಭಾನುವಾರ ಪವಿತ್ರಾತ್ಮನ ಬೆಳ್ಳಿ ಕಿರೀಟ ಏಳು ಮನೆಗಳಿಗೆ ಹೋಗುತ್ತದೆ. ಯಾರ ಮನೆಗೆ ಯಾವ ವಾರ ಎಂಬುದನ್ನು ಹಬ್ಬ ನಡೆಸುವ ಸಂಘದವರು ಚೀಟಿ ಎತ್ತಿ ತೀರ್ಮಾನಿಸುತ್ತಾರೆ. ಮನೆಯ ಒಳ್ಳೆಯ ಕೋಣೆಯಲ್ಲಿ ಹೂವಿನ ಪೀಠ, ವಾರವಿಡೀ ಸಂಜೆ ಜಪಸರ, ಬಂದವರಿಗೆಲ್ಲ ಊಟ. ಮರೀಸಾಳ ಕಥೆಯಲ್ಲಿ ಅಂಥದೊಂದು ಮನೆಯಿಂದ ಕಿರೀಟ ಕಾಣೆಯಾಗುತ್ತದೆ. ಕಾರ್ಖಾನೆಯ ಕಾವಲುಗಾರನೊಬ್ಬ ಪತ್ತೆಗೆ ಇಳಿಯುತ್ತಾನೆ. ಕೊನೆಗೆ ನೋಡಿದರೆ ಕದ್ದವಳು ಆ ಮನೆಯಾಕೆಯೇ: ಮುಂದಿನ ಸರದಿ ತಾನು ಮಾತು ಬಿಟ್ಟ ನಾದಿನಿಯದ್ದು, ಅವಳ ಕೈಗೆ ಕೊಡಲಾರದೆ ಹಿಟ್ಟಿನ ಡ್ರಮ್ಮಿನಲ್ಲಿ ಹೂತಿಟ್ಟಿರುತ್ತಾಳೆ. ಆ ಬೀದಿಯಲ್ಲಿ ಇದನ್ನು ಕೇಳಿದವರಾರೂ ಹೀಗೂ ಉಂಟೇ ಎನ್ನಲಿಲ್ಲ. ಇದು ಯಾರ ಮನೆಯ ಕಥೆ ಎಂದೇ ಕೇಳಿದರು.

ನಟರಿಗೆ ಕೊಡಲು ಕಾಸಿಲ್ಲ. ಮನೆಯಾಕೆಯ ಪಾತ್ರಕ್ಕೆ ಅಮ್ಮ, ಕಾವಲುಗಾರನಿಗೆ ಅಪ್ಪ. ಕ್ಯಾಮೆರಾ, ಆಮೇಲೆ ಸಂಕಲನ, ಎರಡೂ ಕೋಲೆಟ್. ಕಿರೀಟವನ್ನು ಕೇಕಿನ ತಗಡಿಗೆ ಬೆಳ್ಳಿ ಹಾಳೆ ಸುತ್ತಿ ಮರೀಸಾಳೇ ಮಾಡಿದಳು. ಕೋಲೆಟ್ ಕ್ಯಾಮೆರಾದಲ್ಲಿ ಕಣ್ಣಿಟ್ಟು ನೋಡಿ ಬಿದ್ದು ಬಿದ್ದು ನಕ್ಕಳು. "ಇದು ಕಿರೀಟ ಅಲ್ಲ ಕಣೇ. ಬರ್ಗರ್ ಅಂಗಡೀಲಿ ಹುಟ್ಟುಹಬ್ಬದ ಮಕ್ಕಳ ತಲೆಗೆ ಇಡ್ತಾರಲ್ಲ, ಅದು!"

ನಿಜವಾದ ಕಿರೀಟವೇ ಬೇಕಾಯಿತು. ಅದನ್ನು ಕೇಳಲು ಅಪ್ಪ ಮಗಳನ್ನು ಕರೆದುಕೊಂಡು ಸಂಘದ ಅಧ್ಯಕ್ಷ ತೆಯೋಫಿಲು ಅರೂಡನ ಬಳಿ ಹೋದ. ಸಂಘದ ಕಟ್ಟಡದ ಒಂದು ಮೂಲೆಯಲ್ಲಿ ಮುದುಕ ಇಸ್ಪೀಟು ಆಡುತ್ತಿದ್ದ. ವಿಷಯ ಕೇಳಿ ಎಲೆಗಳನ್ನು ಕವುಚಿಟ್ಟ.

"ಅದೆಲೀನು, ಸಿನಿಮಾದೋರಿಗೆ ನಮ್ಮಂಥೋರು ಯಾತಕ್ಕೆ ಬೇಕಾಗ್ತೀವಿ ಗೊತ್ತಾ? ನಗೋಕೆ. ನಮ್ಮ ಇಂಗ್ಲಿಷು ನೋಡಿ ನಗ್ತಾರೆ, ನಮ್ಮ ಮೀಸೆ ನೋಡಿ ನಗ್ತಾರೆ. ಈಗ ಇದನ್ನೂ ಕೊಡ್ಬೇಕಾ?"

"ನನ್ನ ಮಗಳು, ಸೆನ್ಯೋರ್ ತೆಯೋಫಿಲು. ಬೇರೆಯವರಲ್ಲ."

"ಮಗಳೇ ಇರಬಹುದು. ಊರೆಲ್ಲ ಕೂತು ನಕ್ಕರೆ ಆಮೇಲೆ ಯಾರನ್ನ ಹಿಡ್ಕೊಳ್ಳಲಿ ನಾನು?"

"ನನ್ನನ್ನ ಹಿಡ್ಕೊಳ್ಳಿ. ಈ ವರ್ಷ ಏಳನೇ ಭಾನುವಾರ ನಂದು ಅಲ್ವಾ? ಯಾರಾದ್ರೂ ಕಿರೀಟ ನೋಡಿ ನಕ್ಕರೆ ಆ ಭಾನುವಾರ ನಂಗೆ ಬೇಡ."

ಏಳನೇ ಭಾನುವಾರ ಎಂದರೆ ಹಬ್ಬದ ಭಾನುವಾರ, ಏಳರಲ್ಲಿ ದೊಡ್ಡದು. ಮರೀಸಾ ಹುಟ್ಟುವುದಕ್ಕೆ ಮೊದಲಿನಿಂದ ಅಪ್ಪ ಪ್ರತಿ ವರ್ಷ ಹೆಸರು ಕೊಡುತ್ತಲೇ ಬಂದಿದ್ದ, ಒಮ್ಮೆಯೂ ಬಂದಿರಲಿಲ್ಲ. ಕಳೆದ ಬೇಸಿಗೆ ಚೀಟಿಯಲ್ಲಿ ತನ್ನ ಹೆಸರು ಓದಿದಾಗ ಆ ಮಿತಭಾಷಿ ಮನುಷ್ಯ ಹೊರಗೆ ಹೋಗಿ ಕಾರಿನಲ್ಲಿ ಒಬ್ಬನೇ ಕೂತು ಅತ್ತಿದ್ದ. ಅಂದಿನಿಂದ ದುಲ್ಸೆ ಒಳ್ಳೆಯ ಕೋಣೆಯ ಗೋಡೆಗೆ ಯಾವ ಬಣ್ಣ ಎಂದು ಯೋಚಿಸುತ್ತಿದ್ದಳು. ಅದನ್ನು ಅಪ್ಪ ಈಗ ಮಗಳ ಸಿನಿಮಾಕ್ಕೆ ಅಡ ಇಟ್ಟುಬಿಟ್ಟಿದ್ದ. ತೆಯೋಫಿಲು ಎದ್ದು ಹೋಗಿ ಕಿರೀಟದ ಪೆಟ್ಟಿಗೆ ತಂದು, ಮರೀಸಾಳ ಕೈಗಲ್ಲ, ಅದೆಲೀನುವಿನ ಕೈಗೆ ಕೊಟ್ಟ.

ಚಿತ್ರೀಕರಣ ಅವರ ಮನೆಯಲ್ಲೇ ನಡೆಯಿತು. ಅದೆಲೀನು ನಟನೆಗೆ ಹುಟ್ಟಿದವನಲ್ಲ. ಆದರೆ ಮಾತುಗಳನ್ನು ಪ್ರಾರ್ಥನೆಯ ಹಾಗೆ ಬಾಯಿಪಾಠ ಮಾಡಿ ಬರುತ್ತಿದ್ದ, ಅಂಗಿ ಇಸ್ತ್ರಿ ಮಾಡಿಸಿ ಬರುತ್ತಿದ್ದ. ಖಾಲಿ ಪೀಠದ ಮುಂದೆ ನಿಂತು "ಇದನ್ನ ತಗೊಂಡವರು ದೂರದವರಲ್ಲ" ಎಂದು ಅವನು ಹೇಳುವಾಗ ಮರೀಸಾಗೆ ನಿಜವಾಗಿ ಮೈ ಜುಮ್ಮೆನ್ನುತ್ತಿತ್ತು. ಒಂದೇ ತೊಡಕು. ಮಾತು ಮುಗಿದ ಮೇಲೂ ಸ್ವಲ್ಪ ಹೊತ್ತು ಕ್ಯಾಮೆರಾ ಓಡುತ್ತಲೇ ಇರಬೇಕು, ಆಗಲೇ 'ಕಟ್' ಅನ್ನಬಾರದು, ಸಂಕಲನದಲ್ಲಿ ಕತ್ತರಿಸುವವರಿಗೆ ಕೈಯಾಡಿಸಲು ಜಾಗ ಬೇಕು ಎಂದು ಕಾಲೇಜಿನಲ್ಲಿ ಕಲಿಸಿದ್ದರು. ಮರೀಸಾ ಹಾಗೇ ಕಾಯುತ್ತಿದ್ದಳು. ಅಪ್ಪನಿಗೆ ಅದು ಗೊತ್ತಾಗುತ್ತಿರಲಿಲ್ಲ. ತನ್ನ ಮಾತು ಮುಗಿಯಿತು ಎಂದರೆ ಮುಗಿಯಿತು. ಗಂಭೀರ ಮುಖ ತಟ್ಟನೆ ಸಡಿಲವಾಗಿ, ಕ್ಯಾಮೆರಾದ ಪಕ್ಕಕ್ಕೆ ತಿರುಗಿ, ಹುಬ್ಬು ಮೇಲೇರಿಸಿ, ಸರಿ ಬಂತಾ ಮಗಳೇ ಎಂದು ಕಣ್ಣಿನಲ್ಲೇ ಕೇಳುತ್ತಿದ್ದ. ಪ್ರತಿ ಸಲವೂ ಕೇಳುತ್ತಿದ್ದ.

ಮನೆಯ ಹಜಾರದಲ್ಲಿ ಕೂತು ಚಿತ್ರದ ತುಣುಕುಗಳನ್ನೆಲ್ಲ ಜೋಡಿಸಿಡುವಾಗ ಗೆಳತಿಯರಿಬ್ಬರೂ ಆ ನೋಟಗಳನ್ನು ಒಂದರ ಹಿಂದೊಂದು ನೋಡಿ ಹೊಟ್ಟೆ ಹುಣ್ಣಾಗುವಷ್ಟು ನಕ್ಕಿದ್ದು ನಿಜ. ಮರೀಸಾಳೂ ನಕ್ಕಳು. ಅಪ್ಪನ ಮೇಲಿನ ಪ್ರೀತಿಗೆ ಬಂದ ನಗು ಅದು ಎಂದು ಅವಳು ಈಗಲೂ ವಾದಿಸಿಯಾಳು.

"ಇದನ್ನ ಬಿಸಾಕೋದಾ?" ಎಂದಳು ಕೋಲೆಟ್. "ಇಡೀ ಸಿನಿಮಾದಲ್ಲಿ ಜೀವ ಇರೋದು ಇಷ್ಟರಲ್ಲೇ ಕಣೇ. ಇವನ್ನ ಇಟ್ಕೊಂಡ್ರೆ ಜನ ಎದ್ದು ಕುಣೀತಾರೆ."

"ಸುಮ್ನಿರು. ಪಪಾ ಮಾತು ಕೊಟ್ಟಿದಾನೆ. ಯಾರೂ ನಗೋ ಹಾಗಿಲ್ಲ."

"ಸರಿಯಮ್ಮ, ಸುಮ್ನೆ ಅಂದೆ."

ಅವರ ಕಾಲೇಜಿನಲ್ಲಿ ನಿರ್ದೇಶಕರು ತಮ್ಮ ಚಿತ್ರವನ್ನು ತಾವೇ ಕತ್ತರಿಸುವಂತಿಲ್ಲ. ತಾನು ತೆಗೆದದ್ದೆಲ್ಲ ತನಗೆ ಮುದ್ದಾಗಿಯೇ ಕಾಣುತ್ತದೆ, ಬೇರೆಯವರ ಕಣ್ಣು ಬೇಕು ಎಂಬುದು ಅಲ್ಲಿನ ಕಟ್ಟುಪಾಡು. ಕೋಲೆಟ್ ಕತ್ತರಿಸಿ ತಂದು ತೋರಿಸಿದಳು. ಒಂದು ನೋಟವೂ ಇರಲಿಲ್ಲ. ಪತ್ತೇದಾರಿ ಕಥೆ ನಿಧಾನವಾಗಿ, ಮರ್ಯಾದೆಯಿಂದ ಸಾಗಿ ಮುಗಿಯುತ್ತಿತ್ತು. ಸ್ವಲ್ಪ ಹೆಚ್ಚೇ ನಿಧಾನ ಎಂದು ಮೇಷ್ಟ್ರು ಮೂಗು ಮುರಿದರು. ಮರೀಸಾ ಒಪ್ಪಿದಳು, ಮುಗೀತು ಎಂದಳು. ಪ್ರದರ್ಶನಕ್ಕೆ ಪ್ರತಿಯನ್ನು ಕೊಟ್ಟು ಬರುವ ಕೆಲಸ ಕೋಲೆಟ್‌ಳದ್ದು. ಅದನ್ನು ಇನ್ನೊಮ್ಮೆ ಹಾಕಿ ನೋಡಬೇಕು ಎಂದು ಮರೀಸಾಗೆ ಯಾಕೆ ಅನ್ನಿಸಬೇಕು? ಗೆಳತಿ ಎಂದಮೇಲೆ ಅನುಮಾನ ಪಡುವುದುಂಟೇ?

ಈಸ್ಟರ್‌ಗೆ ಇನ್ನೂ ಕೆಲವು ವಾರ ಇರುವಾಗ ಕಾಲೇಜಿನ ಸಭಾಂಗಣದಲ್ಲಿ ಎಲ್ಲರ ಕಿರುಚಿತ್ರಗಳ ಪ್ರದರ್ಶನ ನಡೆಯಿತು, ಮರೀಸಾಳದ್ದು ಕೊನೆಯದು. ಅಪ್ಪ ಹಬ್ಬದ ಸೂಟು ಹಾಕಿಕೊಂಡು ಬಂದಿದ್ದ. ದುಲ್ಸೆ ತಲೆ ಸೆಟ್ ಮಾಡಿಸಿಕೊಂಡಿದ್ದಳು. ತೆಯೋಫಿಲು ಸಂಘದ ನಾಲ್ಕೈದು ಹಿರಿಯರನ್ನು ಕಟ್ಟಿಕೊಂಡು ಬಂದು ಪೂಜೆಗೆ ಕೂತಂತೆ ಮುಂದಿನ ಸಾಲಿನಲ್ಲಿ ಕೂತ. ಮರೀಸಾ ಗೋಡೆಗೆ ಒರಗಿ ನಿಂತಳು, ಕೂರಲು ಆಗಲಿಲ್ಲ.

ಪರದೆಯ ಮೇಲೆ ಅಪ್ಪ ಖಾಲಿ ಪೀಠವನ್ನು ನೋಡಿದ. "ಇದನ್ನ ತಗೊಂಡವರು ದೂರದವರಲ್ಲ" ಎಂದ. ಆಮೇಲೆ ಮುಖ ಸಡಿಲಿಸಿ, ಪಕ್ಕಕ್ಕೆ ತಿರುಗಿ, ಹುಬ್ಬೇರಿಸಿ ಸರಿ ಬಂತಾ ಎಂದು ನೋಡಿದ.

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು.

ಮರೀಸಾ ಮೊದಲು ತಾಂತ್ರಿಕ ತಪ್ಪು ಎಂದುಕೊಂಡಳು. ಕೋಲೆಟ್ ಕತ್ತರಿಸುವುದನ್ನು ಮರೆತಿದ್ದಾಳೆ, ಒಂದೇ ಕಡೆ, ಹೋಗಲಿ. ಮುಂದಿನ ದೃಶ್ಯದಲ್ಲಿ ಅಪ್ಪ ನೆರೆಮನೆಯ ಮೆಟ್ಟಿಲ ಮೇಲೆ ನಿಂತು ಪ್ರಶ್ನೆ ಕೇಳಿದ, ಉತ್ತರಕ್ಕೆ ತಲೆಯಾಡಿಸಿದ, ಪಕ್ಕಕ್ಕೆ ತಿರುಗಿ ನೋಡಿದ. ಈ ಸಲ ಜೊತೆಗೆ ಒಂದು ತುತ್ತೂರಿಯ ಸದ್ದು ಬೇರೆ. ಸಭಾಂಗಣ ಘೊಳ್ಳೆಂದಿತು. ಅಲ್ಲಿಂದಾಚೆ ತಡೆಯೇ ಇರಲಿಲ್ಲ. ಅಪ್ಪ ಬಾಯಿ ತೆರೆದರೆ ಜನ ನೋಟಕ್ಕಾಗಿ ಕಾದರು, ನೋಟ ಬಂದಾಗ ಕೈ ತಟ್ಟಿಕೊಂಡು ನಕ್ಕರು. ಕೊನೆಗೆ ಹಿಟ್ಟಿನ ಡ್ರಮ್ಮಿನಿಂದ ಕಿರೀಟವನ್ನು ಎತ್ತಿ, ಎರಡೂ ಕೈಯಲ್ಲಿ ಹಿಡಿದು, ಅದರ ತುದಿಯಲ್ಲಿದ್ದ ಬೆಳ್ಳಿಯ ಪಾರಿವಾಳಕ್ಕೆ ಮೆತ್ತಿದ ಹಿಟ್ಟನ್ನು ಊದಿದ. ಆಮೇಲೆ ಬರಬೇಕಿದ್ದದ್ದು ಮೌನ. ಬಂದದ್ದು ಸೀನು. ಚಿತ್ರೀಕರಣದ ದಿನ ಎಲ್ಲ ಮುಗಿದ ಮೇಲೆ ಹಿಟ್ಟು ಮೂಗಿಗೆ ಹೋಗಿ ಅಪ್ಪ ಕಿರೀಟದ ಮೇಲೇ ಸೀನಿ, ಗಾಬರಿಯಿಂದ ಶಿಲುಬೆಯ ಗುರುತು ಹಾಕಿಕೊಂಡು, ಮಗಳತ್ತ ನೋಡಿದ್ದು, ಅದೆಲ್ಲವೂ ಬಂತು. ಜನ ಎದ್ದು ನಿಂತು ನಕ್ಕರು.

ಮುಂದಿನ ಸಾಲಿನಲ್ಲಿ ಆರು ಕೋಟುಗಳು ಅಲುಗಾಡದೆ ಕೂತಿದ್ದವು. ಅಪ್ಪನ ಕುತ್ತಿಗೆಯ ಹಿಂಭಾಗ ಕೆಂಪಾದದ್ದು ಮರೀಸಾಗೆ ದೂರದಿಂದಲೇ ಕಂಡಿತು. ಕೋಲೆಟ್ ಎಲ್ಲಿ ಎಂದು ಹುಡುಕಿದಳು. ಬಾಗಿಲ ಹತ್ತಿರವೇ ಇದ್ದಳು.

"ಏನೇ ಇದು? ಏನ್ ಮಾಡ್ಬಿಟ್ಟೆ ನೀನು?"

"ಉಳಿಸಿದೆ." ಕೋಲೆಟ್‌ಳ ಕಣ್ಣು ಹೊಳೆಯುತ್ತಿತ್ತು. "ಆ ಹಳೇದು ಹಾಕಿದ್ರೆ ಜನ ಗೊರಕೆ ಹೊಡೀತಿದ್ರು. ಕೇಳು, ಕೇಳು ಹೆಂಗೆ ಚಪ್ಪಾಳೆ ಬೀಳ್ತಿದೆ!"

"ನಾನು ಬೇಡ ಅಂದಿದ್ದೆ. ಬಾಯಿ ಬಿಟ್ಟು ಹೇಳಿದ್ದೆ."

"ನೀನೂ ನಕ್ಕಿದ್ದೆ. ನನಗಿಂತ ಜಾಸ್ತಿ ನಕ್ಕಿದ್ದೆ."

ಕೆನ್ನೆಗೆ ಬಾರಿಸಬೇಕೆನಿಸಿತು ಮರೀಸಾಗೆ. ಇಷ್ಟು ವರ್ಷ ಒಂದೇ ತಟ್ಟೆಯಲ್ಲಿ ತಿಂದವಳು, ಅಪ್ಪ ಕೊಟ್ಟ ಮಾತು ಏನೆಂದು ಚೆನ್ನಾಗಿ ಗೊತ್ತಿದ್ದವಳು, ಬೆನ್ನ ಹಿಂದೆ ಕೂತು ಅಪ್ಪನ ಮುಖವನ್ನು ಆರಿಸಿ ಆರಿಸಿ ಜೋಡಿಸಿದ್ದಾಳೆ. ಎಷ್ಟು ದಿನ ಕೂತು ಮಾಡಿದಳೋ. ನಡುವೆ ಮನೆಗೂ ಬಂದಿದ್ದಳು, ಅಮ್ಮನ ಕೈಯಿಂದ ಸಿಹಿ ಬ್ರೆಡ್ಡು ಕಟ್ಟಿಸಿಕೊಂಡು ಹೋಗಿದ್ದಳು. ಇದನ್ನೆಲ್ಲ ಎಲ್ಲರ ಮುಂದೆ ಹೇಳಿಬಿಡುತ್ತೇನೆ, ಇದು ನನ್ನ ಚಿತ್ರವಲ್ಲ ಎನ್ನುತ್ತೇನೆ ಎಂದು ಅವಳು ತೀರ್ಮಾನಿಸಿದ ಹೊತ್ತಿಗೇ ವೇದಿಕೆಯಿಂದ ಅವಳ ಹೆಸರು ಕೇಳಿಬಂತು. ಪ್ರೇಕ್ಷಕರು ಆರಿಸಿದ ಚಿತ್ರ ಅವಳದ್ದೇ.

ಹೇಳುತ್ತೇನೆಂದೇ ಮೆಟ್ಟಿಲು ಹತ್ತಿದಳು. ಸುಳ್ಳಲ್ಲ. ಕೈಗೆ ಮೈಕು ಬಂದಾಗ ಬಾಯಿಯಲ್ಲಿ ಆ ಮಾತೇ ಇತ್ತು. ಆದರೆ ಮೇಲಿಂದ ನೋಡಿದರೆ ಇಡೀ ಸಭಾಂಗಣ ನಿಂತಿತ್ತು. ಎರಡು ವರ್ಷ ಅವಳನ್ನು ಹೆಸರು ಹಿಡಿದು ಕರೆಯದ ಮೇಷ್ಟ್ರು ತಲೆಯ ಮೇಲೆ ಕೈಯೆತ್ತಿ ಚಪ್ಪಾಳೆ ಹೊಡೆಯುತ್ತಿದ್ದರು. ಬಾಸ್ಟನ್ನಿನ ಚಿತ್ರೋತ್ಸವಕ್ಕೆ ಚಿತ್ರ ಆರಿಸಲು ಬಂದಿದ್ದ ಹೆಂಗಸು ಪಕ್ಕದವರ ಕಿವಿಯಲ್ಲಿ ಏನೋ ಹೇಳುತ್ತ ಇವಳತ್ತ ಬೆರಳು ತೋರಿಸುತ್ತಿದ್ದಳು. ನಿರೂಪಕ ಇನ್ನೂ ನಗುತ್ತಲೇ ಕೇಳಿದ: "ಆ ನೋಟ! ಹೇಳಿ, ಆ ನೋಟ ಯಾರ ಐಡಿಯಾ?"

"ನಂದು" ಎಂದಳು ಮರೀಸಾ.

ಮತ್ತೆ ಚಪ್ಪಾಳೆ. ಹಿಂದೆ ಬಾಗಿಲ ಬಳಿ ಕೋಲೆಟ್‌ಳ ಮುಖ ಪೆಚ್ಚಾದದ್ದು ಕಂಡು ಒಂದು ಕ್ಷಣ ಹಾಯೆನಿಸಿತು. ತಗೋ, ನಿನಗೂ ಗೊತ್ತಾಗಲಿ ಕಳೆದುಕೊಳ್ಳುವುದು ಅಂದರೇನು ಎಂದುಕೊಂಡಳು. ಆ ಹಾಯಿಯಲ್ಲಿ ನಾಲಿಗೆ ಇನ್ನೂ ಸಡಿಲವಾಯಿತು.

"ಅಂಥ ನಟರು ಎಲ್ಲಿ ಸಿಕ್ಕರು ನಿಮಗೆ?"

"ಅದು ನಮ್ಮಪ್ಪ. ಅವನಿಗೆ ನಟನೆ ಬರಲ್ಲ ಅಂತ ಗೊತ್ತಿತ್ತು. ಅದಕ್ಕೇ ಅವನನ್ನ ಆರಿಸ್ಕೊಂಡೆ."

ಆ ದಿನದ ಅತಿ ದೊಡ್ಡ ನಗು ಬಂದದ್ದು ಆ ಮಾತಿಗೆ.

ಹೊರಗಿನ ಪಡಸಾಲೆಯಲ್ಲಿ ಕಾಫಿ, ಬಿಸ್ಕತ್ತು ಇಟ್ಟಿದ್ದರು. ಹುಡುಗರು ಅಪ್ಪನನ್ನು ಮುತ್ತಿಕೊಂಡು ಜೊತೆಗೆ ಫೋಟೋ ತೆಗೆಸಿಕೊಳ್ಳುತ್ತಿದ್ದರು. "ಆ ನೋಟ ಕೊಡಿ ಸರ್, ಒಂದೇ ಒಂದು ಸಲ" ಎನ್ನುತ್ತಿದ್ದರು. ಅಪ್ಪ ಸೂಟಿನ ಗುಂಡಿ ಹಾಕಿಕೊಂಡು ನೆಟ್ಟಗೆ ನಿಂತಿದ್ದ. ಗುಂಪನ್ನು ಸರಿಸಿಕೊಂಡು ತೆಯೋಫಿಲು ಬಂದ. ಮರೀಸಾ ಅಪ್ಪನ ಹಿಂದೆಯೇ ಇದ್ದಳು.

"ಅದೆಲೀನು, ನಿನಗೆ ಇದು ಗೊತ್ತಿತ್ತಾ?"

ಅಪ್ಪ ಮಗಳತ್ತ ತಿರುಗಲಿಲ್ಲ. "ಗೊತ್ತಿತ್ತು ಸೆನ್ಯೋರ್ ತೆಯೋಫಿಲು. ನಾನೇ ಹಾಗೆ ಮಾಡು ಅಂದೆ. ಹುಡುಗಿ ಬೇಡ ಅಂದ್ಲು. ನಾನೇ ಕೇಳಲಿಲ್ಲ."

ಮುದುಕ ಕೇಳಿದ: "ಕಿರೀಟದ ಮೇಲೆ ಸೀನಿದ್ದೂ?"

"ಅದೂ."

"ಸರಿ ಹಾಗಾದ್ರೆ. ನೀನೇ ಆಡಿದ ಮಾತು, ನೆನಪಿರಬೇಕಲ್ಲ. ಏಳನೇ ಭಾನುವಾರಕ್ಕೆ ಬೇರೆ ಚೀಟಿ ಎತ್ತಿಸ್ತೀನಿ." ಬಾಗಿಲವರೆಗೆ ಹೋದವನು ತಿರುಗಿ ಬಂದು ದುಲ್ಸೆಯ ಕೈ ಹಿಡಿದು, ಸಾವಿನ ಮನೆಯಲ್ಲಿ ಹಿಡಿಯುವ ಹಾಗೆ ಒಮ್ಮೆ ಅದುಮಿ ಹೋದ.

ಮನೆಗೆ ಹೋಗುವಾಗ ಅಪ್ಪ ಕಾರು ಓಡಿಸುತ್ತಿದ್ದ, ಮರೀಸಾ ಪಕ್ಕದಲ್ಲಿ, ಅಮ್ಮ ಹಿಂದೆ. ಅಪ್ಪ ತನಗಾಗಿ ಸುಳ್ಳು ಹೇಳಿ ಹಬ್ಬದ ಭಾನುವಾರವನ್ನು ಕೈಬಿಟ್ಟದ್ದು ಮರೀಸಾಗೆ ತಡೆಯಲಾಗಲಿಲ್ಲ. ನಿಜ ಹೇಳಿದರೆ ಅಪ್ಪನ ಭಾರ ಇಳಿದೀತು ಎಂದುಕೊಂಡಳು. ಮಗಳು ಮೋಸಗಾತಿಯಲ್ಲ, ಮೋಸ ಹೋದವಳು ಎಂದು ಅವನಿಗೆ ಗೊತ್ತಾಗಬೇಕು.

"ಪಪಾ, ನಾನಲ್ಲ ಮಾಡಿದ್ದು. ದೇವರಾಣೆ ನಾನಲ್ಲ. ಕೋಲೆಟ್ ನನಗೆ ತೋರಿಸಿದ್ದೇ ಬೇರೆ, ಅಲ್ಲಿ ಕೊಟ್ಟಿದ್ದೇ ಬೇರೆ. ಪರದೆ ಮೇಲೆ ಬರೋವರೆಗೂ ನಂಗೆ ಗೊತ್ತೇ ಇರಲಿಲ್ಲ. ನಂಬಿಸಿ ಕತ್ತು ಕೊಯ್ದಳು."

"ಆ ಹುಡುಗೀನಾ?" ಹಿಂದಿನಿಂದ ದುಲ್ಸೆ ಕಿಡಿಕಾರಿದಳು. "ನನ್ನ ಕೈಯಲ್ಲೇ ತಿಂದು ತೇಗಿದ್ಲಲ್ಲ! ಇನ್ನೊಂದು ಸಲ ನಮ್ಮ ಮೆಟ್ಟಿಲು ಹತ್ತಲಿ, ಪೊರಕೆ ತಗೋತೀನಿ."

ಕೆಂಪು ದೀಪ ಬಿತ್ತು, ಕಾರು ನಿಂತಿತು. ಅಪ್ಪ ಯಾವುದೋ ಲೆಕ್ಕ ತಪ್ಪಿದವನಂತೆ ಸ್ಟೀರಿಂಗನ್ನೇ ನೋಡುತ್ತಿದ್ದ.

"ನಾನು ನೀನೇ ಬೇಕು ಅಂತ ಮಾಡಿದ್ದು ಅಂದ್ಕೊಂಡಿದ್ದೆ" ಎಂದ ನಿಧಾನವಾಗಿ. "ಮೊದಲಿಂದ ಹಾಗೇ ಯೋಚನೆ ಮಾಡಿದ್ದೀಯ, ನನಗೆ ಹೇಳಿದ್ರೆ ಒಪ್ಪಲ್ಲ ಅಂತ ಹೇಳಿಲ್ಲ. ಸಿನಿಮಾ ಅಂದ್ರೆ ಹೀಗೇ ಇರಬೇಕೇನೋ, ನಂಗೇನು ಗೊತ್ತಾಗುತ್ತೆ, ಇರಲಿ, ಮಗಳ ಕೆಲಸ ಅಂದ್ಕೊಂಡೆ. ಬೇಜಾರಾಯ್ತು, ನುಂಗ್ಕೊಂಡೆ."

"ಇಲ್ಲ ಪಪಾ. ಎಲ್ಲಾ ಅವಳು ಸೇರಿಸಿದ್ದು."

ಅಪ್ಪ ಈಗ ಅವಳತ್ತ ತಿರುಗಿದ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ, ನಿಜವಾಗಿ ತಿಳಿದುಕೊಳ್ಳಬೇಕು ಎಂಬಂತೆ ಕೇಳಿದ.

"ನಂಗೆ ನಟನೆ ಬರಲ್ಲ, ಅದಕ್ಕೇ ಆರಿಸಿದ್ದು ಅಂದ್ಯಲ್ಲ ಮಗಳೇ. ಅದನ್ನ ಯಾರು ಸೇರಿಸಿದ್ರು?"

ಹಸಿರು ದೀಪ ಬಂತು. ಹಿಂದಿನ ಕಾರಿನವನು ಹಾರ್ನ್ ಹೊಡೆದ. ಅಪ್ಪ ಕಾರು ಬಿಡದೆ ಉತ್ತರಕ್ಕೆ ಕಾಯುತ್ತ ಕೂತಿದ್ದ.